ಮಲ್ಪೆಯ ಶಿಬಿರದ ಬಿಪಿ ಅಂಕಿಗಳನ್ನು ವಾರ್ಷಿಕ ಸಮ್ಮೇಳನಕ್ಕೆ ಕಳಿಸುವ ಮುನ್ನ

ಪ್ರಶ್ನೆ: ನಾನು ಉಡುಪಿ ಜಿಲ್ಲೆಯಲ್ಲಿ ಸಮುದಾಯ ವೈದ್ಯಶಾಸ್ತ್ರದ ಎರಡನೇ ವರ್ಷದ ಪಿಜಿ ವಿದ್ಯಾರ್ಥಿನಿ. ಮಲ್ಪೆ ಕಡೆ ಶಿಬಿರ ನಡೆಸಿ, ಬಿಪಿ 140/90 ಅಥವಾ ಅದಕ್ಕಿಂತ ಹೆಚ್ಚು ಬಂದವರನ್ನು ಆರಿಸಿಕೊಂಡೆವು. ಮನೆಯಲ್ಲೇ ಬಿಪಿ ನೋಡಿಕೊಳ್ಳುವುದನ್ನು ಕಲಿಸಿದೆವು, ಉಪ್ಪು ಕಡಿಮೆ ಮಾಡಲು ಹೇಳಿದೆವು. ಎಂಟು ವಾರದ ಬಳಿಕ ಬಿಪಿ ಚೆನ್ನಾಗಿ ಇಳಿದಿದೆ. ಇದನ್ನು ರಕ್ತದೊತ್ತಡ ಸಂಶೋಧನೆಯ ವಾರ್ಷಿಕ ಸಮ್ಮೇಳನಕ್ಕೆ ಕಳಿಸಬಹುದೇ? ಎಲ್ಲಿಗೆ, ಹೇಗೆ? ಅಲ್ಲಿ ಏನೇನು ಕೇಳುತ್ತಾರೆ?

ಉತ್ತರ: ಕಳಿಸಬಹುದು. ಆದರೆ ಈಗಿರುವ ರೂಪದಲ್ಲೇ ಕಳಿಸಿದರೆ ವಾಪಸು ಬರುವ ಸಾಧ್ಯತೆಯೇ ಹೆಚ್ಚು. ಬಿಪಿ ಸಮ್ಮೇಳನಕ್ಕೆ ಬಂದ ಅಬ್‌ಸ್ಟ್ರಾಕ್ಟ್ (ಸಂಶೋಧನೆಯ ಸಾರಾಂಶ) ಓದುವವರು ‘ಎಷ್ಟು ಇಳಿಯಿತು’ ಎಂಬುದನ್ನು ಕೊನೆಗೆ ನೋಡುತ್ತಾರೆ. ಮೊದಲು ನೋಡುವುದು ‘ಹೇಗೆ ಅಳೆದಿರಿ’, ಆಮೇಲೆ ‘ಯಾರ ಜೊತೆ ಹೋಲಿಸಿದಿರಿ’. ನಿಮ್ಮ ಪತ್ರದಲ್ಲಿ ಈ ಎರಡಕ್ಕೂ ಉತ್ತರ ಇಲ್ಲ.

ಇದು ಸುಮ್ಮನೆ ಹಠವಲ್ಲ. ಒಳ್ಳೆಯ ಚಿಕಿತ್ಸೆಯೊಂದು ಮೇಲಿನ ಅಂಕಿಯನ್ನು (140/90ರಲ್ಲಿ 140) ಐದೋ ಹತ್ತೋ ಮಿ.ಮೀ. (ಪಾದರಸದ ಮಟ್ಟ) ಇಳಿಸುತ್ತದೆ. ಕೈ ಇಟ್ಟ ಜಾಗ ತಪ್ಪಿದರೂ ಅಷ್ಟೇ ವ್ಯತ್ಯಾಸ ಬರುತ್ತದೆ. 2024ರಲ್ಲಿ ಪ್ರಕಟವಾದ ಆರ್ಮ್ಸ್ ಎಂಬ ಪ್ರಯೋಗದಲ್ಲಿ, ಮೇಜಿನ ಮೇಲೆ ಕೈ ಇಟ್ಟು ಅಳೆದದ್ದಕ್ಕಿಂತ ತೊಡೆಯ ಮೇಲೆ ಇಟ್ಟಾಗ ಮೇಲಿನ ಅಂಕಿ ಸುಮಾರು 4, ಕೈ ಪಕ್ಕದಲ್ಲಿ ಜೋತುಬಿದ್ದಾಗ 6.5 ಮಿ.ಮೀ. ಹೆಚ್ಚು ಬಂತು. ತೋಳಿಗೆ ಸುತ್ತುವ ಪಟ್ಟಿಯ ಕಥೆ ಇನ್ನೂ ಗಂಭೀರ. 2023ರಲ್ಲಿ ಪ್ರಕಟವಾದ ಮತ್ತೊಂದು ಪ್ರಯೋಗದಲ್ಲಿ, ದೊಡ್ಡ ಪಟ್ಟಿ ಬೇಕಾದವರಿಗೆ ಸಾಮಾನ್ಯ ಅಳತೆಯದ್ದನ್ನು ಕಟ್ಟಿದಾಗ 4.8, ಅತಿ ದೊಡ್ಡದು ಬೇಕಾದವರಿಗೆ ಅದನ್ನೇ ಕಟ್ಟಿದಾಗ 19.5 ಮಿ.ಮೀ. ಹೆಚ್ಚು ತೋರಿಸಿತು. ಸಣ್ಣ ತೋಳಿಗೆ ಅದೇ ಪಟ್ಟಿ ಕಟ್ಟಿದರೆ 3.6 ಕಡಿಮೆ. ಬಲೆ ಎಳೆದು ಗಟ್ಟಿಯಾದ ತೋಳಿನವರೂ ಬೀಡಿ ಕಟ್ಟುವ ಸಪೂರ ಹೆಂಗಸರೂ ಒಂದೇ ಸಾಲಿನಲ್ಲಿ ಕೂರುವ ನಮ್ಮ ಕರಾವಳಿಯ ಶಿಬಿರದಲ್ಲಿ ಎಲ್ಲರಿಗೂ ಒಂದೇ ಪಟ್ಟಿ ಬಳಸಿದ್ದರೆ, ನೀವು ಆರಿಸಿದ ಕೆಲವರಿಗೆ ಬಿಪಿಯೇ ಇರಲಿಲ್ಲ, ಬಿಟ್ಟುಹೋದ ಕೆಲವರಿಗೆ ಇತ್ತು ಎಂದಾಗುತ್ತದೆ.

ಆದ್ದರಿಂದ ಅಬ್‌ಸ್ಟ್ರಾಕ್ಟ್ ಬರೆಯುವ ಮುನ್ನ ಶಿಬಿರದ ರಿಜಿಸ್ಟರ್ ತೆರೆದು ಕೂತು ಈ ಪ್ರಶ್ನೆಗಳಿಗೆ ಉತ್ತರ ಹುಡುಕಿ. ಯಂತ್ರ ಯಾವುದು, ಅದರ ಮಾದರಿ ಸಂಖ್ಯೆ ಏನು? ‘ಡಿಜಿಟಲ್ ಬಿಪಿ ಯಂತ್ರ’ ಎಂದಷ್ಟೇ ಬರೆದರೆ ಸಾಲದು. ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಕನಿಷ್ಠ 85 ಜನರ ಮೇಲೆ ಪರೀಕ್ಷಿಸಿ, ಸರಾಸರಿ ತಪ್ಪು 5 ಮಿ.ಮೀ. ಒಳಗೆ, ಅದರ ಎಸ್‌ಡಿ (ಅಂಕಿಗಳ ಹರಡುವಿಕೆಯ ಅಳತೆ) 8ರ ಒಳಗೆ ಬಂದ ಯಂತ್ರಕ್ಕೆ ಮಾತ್ರ ದೃಢೀಕೃತ ಎನ್ನುತ್ತಾರೆ. ಅಂಥ ಯಂತ್ರಗಳ ಹೆಸರಿರುವ ಸ್ಟ್ರೈಡ್ ಬಿಪಿ ಎಂಬ ಪಟ್ಟಿಯಲ್ಲಿ ನಿಮ್ಮ ಮಾದರಿ ಇದೆಯೇ ನೋಡಿ. ಒಂದೇ ಕಂಪನಿಯ ಒಂದು ಮಾದರಿ ಪಟ್ಟಿಯಲ್ಲಿದ್ದು ಇನ್ನೊಂದು ಇರದೇ ಇರಬಹುದು. ಮುಳ್ಳಿನ ಡಯಲ್ ಯಂತ್ರ ಬಳಸಿದ್ದರೆ ಕೊನೆಯ ಬಾರಿ ಕ್ಯಾಲಿಬ್ರೇಷನ್ ಮಾಡಿಸಿದ ದಿನಾಂಕ ಬೇಕು. ನಮ್ಮ ಉಪ್ಪುಗಾಳಿಯಲ್ಲಿ ಅಂಥ ಯಂತ್ರವನ್ನು ಆರು ತಿಂಗಳಿಗಿಂತ ಹೆಚ್ಚು ನಂಬಬಾರದು. ತೋಳಪಟ್ಟಿಯ ವೆಲ್ಕ್ರೋ ಸವೆದು ಗಾಳಿ ತುಂಬುವಾಗ ಬಿಚ್ಚಿಕೊಳ್ಳುತ್ತಿದ್ದರೆ ಆ ದಿನದ ಅಂಕಿಗಳೂ ಅನುಮಾನದ್ದೇ.

ಆಮೇಲೆ ವಿಶ್ರಾಂತಿ. ಬೆನ್ನಿಗೆ ಆಸರೆ, ಪಾದ ನೆಲದ ಮೇಲೆ, ಕಾಲ ಮೇಲೆ ಕಾಲಿಲ್ಲ, ಬರಿ ತೋಳು, ಹೃದಯದ ಮಟ್ಟದಲ್ಲಿ ಮೇಜಿನ ಮೇಲೆ ಕೈ, ಐದು ನಿಮಿಷ ಮೌನ. ಅದಕ್ಕೂ ಮುಂಚಿನ ಅರ್ಧ ಗಂಟೆ ಚಹಾ, ಕಾಫಿ, ಬೀಡಿ ಇಲ್ಲ, ಮೂತ್ರಕ್ಕೆ ಹೋಗಿ ಬಂದಿರಬೇಕು. ಒಂದೊಂದು ನಿಮಿಷದ ಅಂತರದಲ್ಲಿ ಮೂರು ಸಲ ಅಳೆದು ಕೊನೆಯ ಎರಡರ ಸರಾಸರಿ. ಮೈಕಿನಲ್ಲಿ ಹೆಸರು ಕೂಗುತ್ತಾ, ಸಾಲಿನಲ್ಲಿ ನಿಂತವರನ್ನು ಕೂರಿಸಿ ಒಂದೇ ಸಲ ಅಳೆಯುವುದು ಶಿಬಿರಗಳಲ್ಲಿ ಮಾಮೂಲು. ನಿಮ್ಮಲ್ಲೂ ಹಾಗೇ ಆಗಿದ್ದರೆ ಅದನ್ನು ಹಾಗೇ ಬರೆಯಿರಿ. ನಡೆಯದ ಐದು ನಿಮಿಷದ ವಿಶ್ರಾಂತಿಯನ್ನು ಅಬ್‌ಸ್ಟ್ರಾಕ್ಟ್‌ನಲ್ಲಿ ನಡೆಸಬೇಡಿ.

ಅಂಕಿಗಳೇ ಸಾಕ್ಷಿ ಹೇಳುವ ಒಂದು ಪರೀಕ್ಷೆ ಇದೆ, ಅರ್ಧ ಗಂಟೆಯ ಕೆಲಸ. ಎಲ್ಲ ಅಳತೆಗಳ ಕೊನೆಯ ಅಂಕೆಯನ್ನು ಎಣಿಸಿ. ಸ್ವಯಂಚಾಲಿತ ಯಂತ್ರವಾದರೆ 0ರಿಂದ 9ರವರೆಗೆ ಪ್ರತಿಯೊಂದೂ ಶೇ 10ರ ಆಸುಪಾಸಿನಲ್ಲಿ ಬರಬೇಕು. ಕೈಯಿಂದ ಒತ್ತುವ ಯಂತ್ರದಲ್ಲಿ ಎರಡೆರಡರ ಗೆರೆ ಇರುವುದರಿಂದ 0, 2, 4, 6, 8 ತಲಾ ಶೇ 20. ಅರ್ಧಕ್ಕರ್ಧ ಅಂಕಿಗಳು ಸೊನ್ನೆಯಲ್ಲೇ ಮುಗಿಯುತ್ತಿದ್ದರೆ ಅಳೆದವರು ಹತ್ತಿರದ ಹತ್ತಕ್ಕೆ ದುಂಡಗೆ ಮಾಡಿದ್ದಾರೆ. 138 ಇದ್ದವರು 140 ಆಗಿ ನಿಮ್ಮ ಅಧ್ಯಯನದೊಳಗೆ ಬಂದಿದ್ದಾರೆ. ಪರಿಶೀಲಕರು ಈ ಲೆಕ್ಕ ಕೇಳಿಯೇ ಕೇಳುತ್ತಾರೆ ಎಂದೇನಿಲ್ಲ. ನೀವೇ ಮಾಡಿ ಒಂದು ಸಾಲಿನಲ್ಲಿ ಕೊಟ್ಟರೆ ಅವರ ನಂಬಿಕೆ ಬೇರೆ ಮಟ್ಟಕ್ಕೆ ಹೋಗುತ್ತದೆ.

ಈಗ ಎಲ್ಲಕ್ಕಿಂತ ಮುಖ್ಯ ವಿಷಯ. ಶುರುವಿನ ಅಂಕಿ ಶಿಬಿರದ್ದು, ಎಂಟನೇ ವಾರದ ಅಂಕಿ ಮನೆಯದ್ದೇ? ಹಾಗಿದ್ದರೆ ಎರಡನ್ನೂ ಕಳೆದು ‘ಇಳಿಕೆ’ ಎನ್ನುವಂತಿಲ್ಲ. ಆಸ್ಪತ್ರೆಯ 140/90ಕ್ಕೆ ಮನೆಯ ಅಳತೆಯಲ್ಲಿ ಸಾಟಿಯಾದದ್ದು 135/85. ಅಂದರೆ ಏನೂ ಮಾಡದೆ, ಅಳೆಯುವ ಜಾಗ ಬದಲಿಸಿದ್ದಕ್ಕೇ ಸುಮಾರು 5 ಮಿ.ಮೀ. ಇಳಿದಂತೆ ಕಾಣುತ್ತದೆ. ಶಿಬಿರಕ್ಕೆ ಶಿಬಿರ, ಮನೆಗೆ ಮನೆ, ಹೀಗೆ ಮಾತ್ರ ಹೋಲಿಸಿ. ಮನೆಯ ಅಳತೆಗೂ ಅದರದ್ದೇ ನಿಯಮ ಇದೆ: ಏಳು ದಿನ, ಬೆಳಿಗ್ಗೆ ಮಾತ್ರೆ ಮತ್ತು ತಿಂಡಿಗೆ ಮುಂಚೆ ಎರಡು, ರಾತ್ರಿ ಎರಡು. ಮೊದಲ ದಿನದ್ದನ್ನು ಬಿಟ್ಟು ಉಳಿದ 24 ಅಳತೆಗಳ ಸರಾಸರಿ. ಕನಿಷ್ಠ ಮೂರು ದಿನದ 12 ಅಳತೆಗಳಾದರೂ ಇಲ್ಲದವರನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಚೀಟಿಯಲ್ಲಿ ಬರೆದುಕೊಟ್ಟ ಅಂಕಿಗಿಂತ ಯಂತ್ರದ ಮೆಮೊರಿಯಲ್ಲಿರುವುದನ್ನು ತೆಗೆಯಿರಿ. ಹೆಚ್ಚು ಬಂದದ್ದನ್ನು ಬರೆಯದೆ ಬಿಡುವುದು, ಡಾಕ್ಟರು ಬೈಯುತ್ತಾರೆಂದು ಒಂದೆರಡು ಅಂಕಿ ತಗ್ಗಿಸುವುದು ಎಲ್ಲ ಊರಿನಲ್ಲೂ ಇದೆ.

ಎರಡನೇ ಪ್ರಶ್ನೆ, ಯಾರ ಜೊತೆ ಹೋಲಿಕೆ? ನಿಮ್ಮಲ್ಲಿ ಹೋಲಿಕೆ ಗುಂಪು ಇಲ್ಲ ಎಂದು ತೋರುತ್ತದೆ. ಒಂದು ದಿನ ಬಿಪಿ ಹೆಚ್ಚಿದ್ದವರನ್ನೇ ಹೆಕ್ಕಿ ಮತ್ತೊಂದು ದಿನ ಅಳೆದರೆ ಅದು ತಾನಾಗಿಯೇ ಇಳಿಯುತ್ತದೆ. ಇದಕ್ಕೆ ಸರಾಸರಿಯತ್ತ ಮರಳುವಿಕೆ ಎನ್ನುತ್ತಾರೆ. ಒಂದು ಕಾಲ್ಪನಿಕ ಲೆಕ್ಕ ನೋಡಿ. ಊರಿನ ಸರಾಸರಿ ಮೇಲಿನ ಅಂಕಿ 130, ನೀವು ಆರಿಸಿದವರ ಸರಾಸರಿ 150, ಎರಡು ದಿನಗಳ ಅಳತೆಯ ನಡುವಿನ ಸಹಸಂಬಂಧ (ಪೂರ್ತಿ ಹೊಂದಿದರೆ 1, ಸಂಬಂಧವೇ ಇಲ್ಲದಿದ್ದರೆ 0) 0.7 ಎಂದಿಟ್ಟುಕೊಳ್ಳಿ. ಮುಂದಿನ ಸಲ ನಿರೀಕ್ಷಿಸಬೇಕಾದ ಸರಾಸರಿ 130 + 0.7 × 20, ಅಂದರೆ 144. ಯಾರೂ ಒಂದು ಮಾತೂ ಹೇಳದೆ, ಒಂದು ಚಿಟಿಕೆ ಉಪ್ಪೂ ಬಿಡದೆ 6 ಮಿ.ಮೀ. ಇಳಿದಾಯಿತು.

ಅಂತರರಾಷ್ಟ್ರೀಯ ಮಟ್ಟದಲ್ಲೂ ಈ ಪೆಟ್ಟು ತಿಂದವರಿದ್ದಾರೆ. ಮೂತ್ರಪಿಂಡದ ರಕ್ತನಾಳದ ಸುತ್ತಲಿನ ನರಗಳನ್ನು ಕ್ಯಾತಿಟರ್ ಮೂಲಕ ಸುಡುವ ರೀನಲ್ ಡಿನರ್ವೇಷನ್ ಚಿಕಿತ್ಸೆಯ ಸಿಂಪ್ಲಿಸಿಟಿ ಎಚ್‌ಟಿಎನ್-2 ಪ್ರಯೋಗದಲ್ಲಿ ಆರು ತಿಂಗಳಿಗೆ ಮೇಲಿನ ಅಂಕಿ 32 ಮಿ.ಮೀ. ಇಳಿದಿತ್ತು. ಅದರಲ್ಲಿ ಹುಸಿ ಚಿಕಿತ್ಸೆಯ ಗುಂಪು, ಅಂದರೆ ನರ ಸುಡದೆ ಸುಟ್ಟಂತೆ ಮಾಡಿ ಹೋಲಿಸುವ ಗುಂಪು, ಇರಲಿಲ್ಲ. 535 ಜನರ ಎಚ್‌ಟಿಎನ್-3ರಲ್ಲಿ ಅಂಥ ಗುಂಪನ್ನು ಸೇರಿಸಿದರು. 2014ರಲ್ಲಿ ಫಲಿತಾಂಶ ಬಂದಾಗ ಚಿಕಿತ್ಸೆ ಪಡೆದವರಲ್ಲಿ 14, ಹುಸಿ ಚಿಕಿತ್ಸೆ ಪಡೆದವರಲ್ಲೂ ಸುಮಾರು 12 ಇಳಿದಿತ್ತು. ನಿಜವಾದ ವ್ಯತ್ಯಾಸ ಎರಡೂವರೆಗೂ ಕಡಿಮೆ. ಆ ಚಿಕಿತ್ಸೆಗೆ ಅಮೆರಿಕದಲ್ಲಿ ಒಪ್ಪಿಗೆ ಸಿಗಲು ಹೊಸ ಪ್ರಯೋಗಗಳನ್ನು ಮಾಡಿ 2023ರ ನವೆಂಬರ್‌ವರೆಗೆ ಕಾಯಬೇಕಾಯಿತು. ಇದನ್ನು ಕಣ್ಣಾರೆ ಕಂಡವರೇ ನಿಮ್ಮ ಅಬ್‌ಸ್ಟ್ರಾಕ್ಟ್ ಓದುವವರು.

ಅವರಿಗೆ ಮನೆ ಬಿಪಿಯ ಅಧ್ಯಯನಗಳೂ ಗೊತ್ತು. ಹಲವು ಪ್ರಯೋಗಗಳ ರೋಗಿವಾರು ದತ್ತಾಂಶ ಸೇರಿಸಿದ 2017ರ ವಿಶ್ಲೇಷಣೆಯಲ್ಲಿ, ಮನೆಯಲ್ಲಿ ಸುಮ್ಮನೆ ಬಿಪಿ ನೋಡಿಕೊಂಡದ್ದರಿಂದ ಮೇಲಿನ ಅಂಕಿ ಇಳಿದದ್ದು ಕೇವಲ 1 ಮಿ.ಮೀ. ಜೊತೆಗೆ ವೈದ್ಯರ ಅಥವಾ ಫಾರ್ಮಸಿಸ್ಟರ ನಿರಂತರ ಬೆಂಬಲ ಇದ್ದಾಗ ಸುಮಾರು 6. ಬ್ರಿಟನ್ನಿನಲ್ಲಿ 1,182 ಜನರ ಮೇಲೆ ನಡೆದ ಟ್ಯಾಸ್ಮಿನ್‌ಎಚ್-4 ಪ್ರಯೋಗದಲ್ಲಿ, ಮನೆಯ ಅಂಕಿ ನೋಡಿ ವೈದ್ಯರು ಔಷಧಿ ಹೊಂದಿಸಿದಾಗ ವರ್ಷದ ಕೊನೆಗೆ ಸಾಮಾನ್ಯ ಆರೈಕೆಗಿಂತ 3.5, ಅಂಕಿಗಳನ್ನು ಫೋನಿನ ಮೂಲಕ ಕಳಿಸಿದಾಗ 4.7 ಮಿ.ಮೀ. ಕಡಿಮೆ ಬಂತು. ಯಂತ್ರ ಕೊಟ್ಟು ಉಪ್ಪಿನ ಮಾತು ಹೇಳಿದ್ದಕ್ಕೇ ಎಂಟು ವಾರದಲ್ಲಿ ಹದಿನೈದು ಇಳಿಯಿತು ಎಂದು ನೀವು ಬರೆದರೆ ಅವರಿಗೆ ಕಾಣುವುದು ಸಾಧನೆಯಲ್ಲ, ಲೆಕ್ಕದ ದೋಷ. ಈ ಅವಧಿಯಲ್ಲಿ ಎಷ್ಟು ಜನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಆಮ್ಲೊಡಿಪಿನ್ ಅಥವಾ ಟೆಲ್ಮಿಸಾರ್ಟಾನ್‌ನಂಥ ಬಿಪಿ ಮಾತ್ರೆ ಶುರು ಮಾಡಿದರು ಎಂಬ ಎಣಿಕೆಯೂ ಬೇಕು. ಶಿಬಿರದಲ್ಲಿ ಹೆಚ್ಚು ಬಂದವರನ್ನು ಅಲ್ಲಿಗೆ ಕಳಿಸಿರುತ್ತೀರಿ, ಕಳಿಸಲೂಬೇಕು. ಇಳಿಕೆಯ ದೊಡ್ಡ ಪಾಲು ಆ ಮಾತ್ರೆಯದ್ದಿರಬಹುದು.

ಮಲ್ಪೆಗೇ ವಿಶೇಷವಾದ ಒಂದು ಸಮಸ್ಯೆ ಇದೆ, ಇದನ್ನು ಬೇರೆ ಊರಿನ ಪರಿಶೀಲಕರು ಊಹಿಸಲಾರರು. ಆಳಸಮುದ್ರಕ್ಕೆ ಹೋಗುವವರು ದಿನಗಟ್ಟಲೆ ದಡಕ್ಕೆ ಬರುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ ಇರುವಾಗ ಮಾತ್ರ ಎಲ್ಲರೂ ಸಿಗುತ್ತಾರೆ. ಮೇ ತಿಂಗಳ ಶಿಬಿರದಲ್ಲಿ ಸೇರಿಸಿಕೊಂಡು ಜುಲೈಯಲ್ಲಿ ಮತ್ತೆ ಅಳೆದಿದ್ದರೆ, ಒಂದು ಕಡೆ ಬೋಟಿನ ದುಡಿಮೆ, ನಿದ್ದೆಗೇಡು, ಸೆಕೆ, ಇನ್ನೊಂದು ಕಡೆ ಮನೆಯ ಊಟ, ನಿದ್ದೆ, ಮಳೆ. ಬದಲಾದದ್ದು ನಿಮ್ಮ ಸಲಹೆಯಿಂದಲೋ ಋತುವಿನಿಂದಲೋ ಹೇಳಲಾಗದು. ಆಗಸ್ಟ್ ನಂತರ ಅಳೆದಿದ್ದರೆ ಕಡಲಿಗೆ ಹೋದವರು ಬಿಟ್ಟುಹೋಗಿರುತ್ತಾರೆ, ದಡದಲ್ಲಿ ಉಳಿದವರ ಅಂಕಿಯಷ್ಟೇ ಸಿಕ್ಕಿರುತ್ತದೆ. ಎಷ್ಟು ಜನ ಶುರು ಮಾಡಿದರು, ಎಷ್ಟು ಜನ ಉಳಿದರು, ಹೋದವರ ಮೊದಲ ಬಿಪಿ ಎಷ್ಟಿತ್ತು, ಈ ಮೂರನ್ನೂ ಕೊಡಿ. ಅಳತೆಯ ತಿಂಗಳುಗಳನ್ನು ಹೆಸರಿಸಿ.

ಉಪ್ಪಿನ ಬಗ್ಗೆಯೂ ಅಷ್ಟೇ ಎಚ್ಚರ ಬೇಕು. ‘ಉಪ್ಪು ಕಡಿಮೆ ಮಾಡಿದರು’ ಎಂದು ಬರೆಯಲು 24 ಗಂಟೆಯ ಮೂತ್ರದಲ್ಲಿ ಸೋಡಿಯಂ ಅಳೆದಿರಬೇಕು. ಒಂದು ಗ್ರಾಂ ಉಪ್ಪಿಗೆ ಸುಮಾರು 17 ಮಿಲಿಮೋಲ್ ಸೋಡಿಯಂ, ಇದು ಲೆಕ್ಕದ ಸೂತ್ರ. ಒಂದು ಸಲದ ಮೂತ್ರದಿಂದ ಅಂದಾಜು ಮಾಡುವ ಸೂತ್ರಗಳು ಒಬ್ಬೊಬ್ಬರ ಬದಲಾವಣೆ ಅಳೆಯಲು ಆಗುವಂಥವಲ್ಲ. ಬಿಸಿಲಲ್ಲಿ ಬೆವರುವವರಲ್ಲಿ ಉಪ್ಪಿನ ಒಂದು ಪಾಲು ಬೆವರಿನಲ್ಲೇ ಹೋಗುವುದರಿಂದ ಮೂತ್ರದ ಲೆಕ್ಕವೂ ಕಡಿಮೆ ತೋರಿಸುತ್ತದೆ. ಪ್ರಶ್ನಾವಳಿ ಮಾತ್ರ ಬಳಸಿದ್ದರೆ ‘ಉಪ್ಪು ಕಡಿಮೆ ಮಾಡಿದ್ದಾಗಿ ಹೇಳಿದರು’ ಎಂದು ಬರೆಯಿರಿ. ಆ ಪ್ರಶ್ನಾವಳಿಯಲ್ಲಿ ಒಣಮೀನು, ಗಂಜಿಯ ಜೊತೆಗಿನ ಉಪ್ಪಿನಕಾಯಿ, ಹಪ್ಪಳ, ಉಪ್ಪುನೀರಿನಲ್ಲಿಟ್ಟ ಮಾವು ಮತ್ತು ಉಪ್ಪಡ್ ಪಚ್ಚಿರ್ (ಉಪ್ಪಿನಲ್ಲಿಟ್ಟ ಹಲಸಿನ ತೊಳೆ) ಇತ್ತೇ? ಅಡುಗೆಗೆ ಹಾಕುವ ಉಪ್ಪನ್ನಷ್ಟೇ ಕೇಳಿದ್ದರೆ ಕರಾವಳಿಯ ಉಪ್ಪಿನ ಲೆಕ್ಕ ಸಿಕ್ಕಿಲ್ಲ ಎಂದೇ ಅರ್ಥ.

ಇಷ್ಟೆಲ್ಲ ಕೇಳಿ ಎದೆಗುಂದಬೇಡಿ. ನಿಮ್ಮ ಕೈಯಲ್ಲಿ ಹೇಳಬಹುದಾದ ಒಳ್ಳೆಯ ವಿಷಯ ಇದೆ, ಅದು ನೀವು ಹೇಳಹೊರಟದ್ದಲ್ಲ ಅಷ್ಟೆ. ‘ಮನೆ ಬಿಪಿ ತರಬೇತಿಯಿಂದ ರಕ್ತದೊತ್ತಡ ಇಳಿಕೆ’ ಎಂಬುದನ್ನು ಬಿಟ್ಟು ‘ಕರಾವಳಿಯ ಮೀನುಗಾರ ಸಮುದಾಯದಲ್ಲಿ ಮನೆ ಬಿಪಿ ಅಳತೆ ಕಾರ್ಯಸಾಧ್ಯವೇ’ ಎಂದು ಕೇಳಿ. ಎಷ್ಟು ಜನ ಕನಿಷ್ಠ 12 ಸರಿಯಾದ ಅಳತೆ ಕೊಟ್ಟರು, ಶಿಬಿರದಲ್ಲಿ 140 ದಾಟಿದವರಲ್ಲಿ ಮನೆಯಲ್ಲಿ 135/85ರ ಒಳಗೇ ಇದ್ದವರೆಷ್ಟು, ಚೀಟಿಯ ಅಂಕಿಗೂ ಮೆಮೊರಿಯ ಅಂಕಿಗೂ ಎಷ್ಟು ವ್ಯತ್ಯಾಸ, ಬೋಟಿನಲ್ಲಿ ಯಂತ್ರ ಒಯ್ದವರಿದ್ದಾರೆಯೇ. ಇದಕ್ಕೆ ಹೋಲಿಕೆ ಗುಂಪು ಬೇಕಿಲ್ಲ. ಇಳಿಕೆಯ ಅಂಕಿಯನ್ನೂ ಕೊಡಿ, 95% ವಿಶ್ವಾಸಾಂತರದೊಂದಿಗೆ (ನಿಜವಾದ ಮೌಲ್ಯ ಇರಬಹುದಾದ ವ್ಯಾಪ್ತಿ), ಹೋಲಿಕೆ ಗುಂಪು ಇರಲಿಲ್ಲ ಎಂಬ ಮಾತಿನೊಂದಿಗೆ. ಬರೇ ಪಿ ಬೆಲೆ (ಆಕಸ್ಮಿಕವಾಗಿಯೂ ಇಂಥ ವ್ಯತ್ಯಾಸ ಬರುವ ಸಂಭವ) ಬರೆದು ಬಿಡಬೇಡಿ.

ಮುಂದಿನ ಹಂತಕ್ಕೆ ನಿಜವಾದ ಹೋಲಿಕೆ ಬೇಕೆಂದರೆ ಲೆಕ್ಕ ಹೀಗೆ: 5 ಮಿ.ಮೀ. ವ್ಯತ್ಯಾಸ ಹಿಡಿಯಲು, ಬದಲಾವಣೆಯ ಎಸ್‌ಡಿ 12 ಎಂದಿಟ್ಟುಕೊಂಡರೆ, ಶೇ 80 ಪವರ್‌ಗೆ (ವ್ಯತ್ಯಾಸ ನಿಜವಾಗಿದ್ದರೆ ಅದನ್ನು ಹಿಡಿಯುವ ಸಂಭವ) ಗುಂಪಿಗೆ 91 ಜನ. ಐದರಲ್ಲಿ ಒಬ್ಬರು ಬಿಟ್ಟುಹೋಗುತ್ತಾರೆಂದರೆ 114. ಮೊದಲ ವ್ಯಕ್ತಿಯನ್ನು ಸೇರಿಸಿಕೊಳ್ಳುವ ಮುನ್ನವೇ ಭಾರತದ ಕ್ಲಿನಿಕಲ್ ಪ್ರಯೋಗಗಳ ದಾಖಲೆಯಾದ ಸಿಟಿಆರ್‌ಐನಲ್ಲಿ ನೋಂದಣಿ ಆಗಬೇಕು. 2018ರ ಏಪ್ರಿಲ್‌ನಿಂದ ಅಧ್ಯಯನ ಶುರುವಾದ ಮೇಲೆ ನೋಂದಾಯಿಸಲು ಅವಕಾಶವಿಲ್ಲ. ಸಾಂಸ್ಥಿಕ ನೈತಿಕ ಸಮಿತಿಯ ಒಪ್ಪಿಗೆ ಪತ್ರದ ಸಂಖ್ಯೆ ಈಗಿನ ಅಬ್‌ಸ್ಟ್ರಾಕ್ಟ್‌ಗೂ ಬೇಕಾಗುತ್ತದೆ.

ಎಲ್ಲಿಗೆ ಕಳಿಸುವುದು? ಅಮೆರಿಕನ್ ಹಾರ್ಟ್ ಅಸೋಸಿಯೇಷನ್‌ನ ಹೈಪರ್‌ಟೆನ್ಷನ್ ಸೈಂಟಿಫಿಕ್ ಸೆಷನ್ಸ್ ಪ್ರತಿ ವರ್ಷ ಸೆಪ್ಟೆಂಬರ್ ಹೊತ್ತಿಗೆ ನಡೆಯುತ್ತದೆ. 2023ರಲ್ಲಿ ಬೋಸ್ಟನ್, 2024ರಲ್ಲಿ ಶಿಕಾಗೊ, 2025ರಲ್ಲಿ ಬಾಲ್ಟಿಮೋರ್. ಅದರ ಬೇರು ಕ್ಲೀವ್‌ಲ್ಯಾಂಡ್‌ನ ಅರ್ವಿನ್ ಪೇಜ್ ಮತ್ತು ಜೊತೆಗಾರರು ಕಟ್ಟಿದ ಹೈ ಬ್ಲಡ್ ಪ್ರೆಷರ್ ರಿಸರ್ಚ್ ಕೌನ್ಸಿಲ್‌ನಲ್ಲಿದೆ. ನೀವು ದಿನವೂ ಬರೆಯುವ ಟೆಲ್ಮಿಸಾರ್ಟಾನ್ ತಡೆಯುವ, ರಕ್ತನಾಳ ಬಿಗಿಸಿ ಬಿಪಿ ಏರಿಸುವ ಆ್ಯಂಜಿಯೊಟೆನ್ಸಿನ್‌ಗೆ ಪೇಜ್ ಇಟ್ಟ ಹೆಸರು ಆ್ಯಂಜಿಯೊಟೊನಿನ್. ಅದೇ ಕಾಲಕ್ಕೆ ಅರ್ಜೆಂಟೀನಾದ ಬ್ರೌನ್-ಮೆನೆಂಡೆಸ್ ಅದನ್ನೇ ಕಂಡುಹಿಡಿದು ಹೈಪರ್‌ಟೆನ್ಸಿನ್ ಎಂದಿದ್ದರು. ಸುಮಾರು ಇಪ್ಪತ್ತು ವರ್ಷ ಎರಡು ಹೆಸರುಗಳು ನಡೆದವು. ಕೊನೆಗೆ ಇಬ್ಬರೂ ಒಂದು ಸಮ್ಮೇಳನದಲ್ಲಿ ಭೇಟಿಯಾಗಿ ಅರ್ಧರ್ಧ ಬಿಟ್ಟುಕೊಟ್ಟು, 1958ರಲ್ಲಿ ಇಂದಿನ ಹೆಸರನ್ನು ಪ್ರಕಟಿಸಿದರು. ಮುಖಾಮುಖಿ ಕೂತಾಗ ಏನು ಸಾಧ್ಯ ಎಂಬುದಕ್ಕೆ ಇದಕ್ಕಿಂತ ಚೆಂದದ ಉದಾಹರಣೆ ಈ ಕ್ಷೇತ್ರದಲ್ಲಿಲ್ಲ.

ಆದರೂ ನಿಮ್ಮ ಈ ಕೆಲಸಕ್ಕೆ ಮೊದಲ ವೇದಿಕೆಯಾಗಿ ಇಂಡಿಯನ್ ಸೊಸೈಟಿ ಆಫ್ ಹೈಪರ್‌ಟೆನ್ಷನ್‌ನ ವಾರ್ಷಿಕ ಸಮ್ಮೇಳನ ಬಿಪಿಕಾನ್ ಹೆಚ್ಚು ಸೂಕ್ತ. ಅಮೆರಿಕದ ಸಮ್ಮೇಳನದಲ್ಲಿ ಮೂತ್ರಪಿಂಡ, ನರ, ರಕ್ತನಾಳಗಳ ಪ್ರಯೋಗಾಲಯ ವಿಜ್ಞಾನದ ಪಾಲು ದೊಡ್ಡದು. ಖರ್ಚು, ವೀಸಾ ಬೇರೆ. ಯುರೋಪಿನ ಸೊಸೈಟಿಯ ಸಮ್ಮೇಳನವೂ ವಾರ್ಷಿಕ, ಇಂಟರ್‌ನ್ಯಾಷನಲ್ ಸೊಸೈಟಿಯದ್ದು ಎರಡು ವರ್ಷಕ್ಕೊಮ್ಮೆ. ಅಬ್‌ಸ್ಟ್ರಾಕ್ಟ್‌ಗೆ ಕೊನೆಯ ದಿನ ಸಾಮಾನ್ಯವಾಗಿ ತಿಂಗಳುಗಳ ಮೊದಲೇ ಮುಗಿದಿರುತ್ತದೆ, ಆದ್ದರಿಂದ ಸಂಘದ ಸ್ವಂತ ಪ್ರಕಟಣೆಯನ್ನೇ ನೋಡುತ್ತಿರಿ. ‘ಗೌರವಾನ್ವಿತ ಪ್ರೊಫೆಸರರೇ’ ಎಂದು ಪಿಜಿಗೆ ಪತ್ರ ಬರೆದು, ಹೃದ್ರೋಗ, ದಂತವೈದ್ಯ, ಕೃಷಿ ಎಲ್ಲವನ್ನೂ ಒಂದೇ ಸಭಾಂಗಣದಲ್ಲಿ ಸೇರಿಸಿ, ಎರಡೇ ದಿನದಲ್ಲಿ ಸ್ವೀಕಾರ ಪತ್ರ ಮತ್ತು ಶುಲ್ಕದ ಚೀಟಿ ಕಳಿಸುವವರಿಂದ ದೂರ ಇರಿ. ಪಿಜಿ ಮುಗಿಸಲು ಪೋಸ್ಟರ್ ಬೇಕೆಂಬ ಒತ್ತಡವನ್ನೇ ಅವರು ಬಂಡವಾಳ ಮಾಡಿಕೊಳ್ಳುತ್ತಾರೆ.

ಬರೆಯುವಾಗ ಜಾಗ ಸಿಗುವುದು ಹೆಚ್ಚೆಂದರೆ 250ರಿಂದ 300 ಪದ. ಹಿನ್ನೆಲೆಗೆ ಎರಡು ವಾಕ್ಯ ಸಾಕು. ಭಾರತದಲ್ಲಿ ಬಿಪಿ ಎಷ್ಟಿದೆ ಎಂಬ ಅಂಕಿ ಅಲ್ಲಿರುವ ಎಲ್ಲರಿಗೂ ಗೊತ್ತು, ಅದಕ್ಕೆ ಪದ ಖರ್ಚು ಮಾಡಬೇಡಿ. ವಿಧಾನಕ್ಕೆ ಮೂರರಲ್ಲೊಂದು ಪಾಲು ಕೊಡಿ. ಉಳಿದದ್ದು ಫಲಿತಾಂಶ, ಒಂದು ವಾಕ್ಯದ ತೀರ್ಮಾನ. ‘ವಿವರಗಳನ್ನು ಸಮ್ಮೇಳನದಲ್ಲಿ ನೀಡಲಾಗುವುದು’ ಎಂದು ಬರೆದ ಅಬ್‌ಸ್ಟ್ರಾಕ್ಟ್ ಅಲ್ಲಿಗೇ ಮುಗಿಯಿತು. ಇಂಗ್ಲಿಷಿನಲ್ಲಿ ಬರೆಯುವ ಮುನ್ನ ತೀರ್ಮಾನದ ಸಾಲನ್ನು ಶಿಬಿರಕ್ಕೆ ಬಂದಿದ್ದ ಆಶಾ ಕಾರ್ಯಕರ್ತೆಗೆ ಕನ್ನಡದಲ್ಲೋ ತುಳುವಿನಲ್ಲೋ ಹೇಳಿ ನೋಡಿ. ‘ಹೌದು, ಹೀಗೇ ಆದದ್ದು’ ಎಂದು ಅವರು ಒಪ್ಪದಿದ್ದರೆ ನೀವು ದತ್ತಾಂಶವನ್ನು ಮೀರಿ ಮಾತಾಡುತ್ತಿದ್ದೀರಿ.

ಪೋಸ್ಟರ್‌ನ ಅಳತೆ ಆಯಾ ಸಮ್ಮೇಳನದ ನಿಯಮದ್ದೇ ಇರಲಿ. ಅಡ್ಡವೋ ಉದ್ದವೋ ಎಂಬುದನ್ನು ಪ್ರಿಂಟಿಗೆ ಕೊಡುವ ಮುನ್ನ ಮತ್ತೊಮ್ಮೆ ಓದಿ, ಹೆಚ್ಚು ಜನ ತಪ್ಪುವುದು ಇಲ್ಲೇ. ಮಳೆಗಾಲದಲ್ಲಿ ಇಲ್ಲಿಂದ ಹೊರಡುವುದಾದರೆ ಕಾಗದದ ಬದಲು ಬಟ್ಟೆಯ ಮೇಲೆ ಮುದ್ರಿಸಿ, ಮಡಚಿ ಕೈಚೀಲದಲ್ಲಿಡಬಹುದು. ಒಂದೂವರೆ ಮೀಟರ್ ದೂರದಿಂದ ಓದುವಂತಿರಬೇಕು, ಅಂದರೆ ಒಳಗಿನ ಅಕ್ಷರ 28 ಪಾಯಿಂಟ್‌ಗಿಂತ ಸಣ್ಣದು ಬೇಡ. ಮಧ್ಯದಲ್ಲಿ ಒಂದೇ ಚಿತ್ರ: ಪ್ರತಿಯೊಬ್ಬರ ಶಿಬಿರದ ಬಿಪಿ ಒಂದು ಅಕ್ಷದಲ್ಲಿ, ಮನೆಯ ಸರಾಸರಿ ಇನ್ನೊಂದರಲ್ಲಿ, 140 ಮತ್ತು 135ರ ಗೆರೆಗಳು. ಕಂಬದ ಚಿತ್ರಕ್ಕಿಂತ ಇದು ನೂರು ಪಾಲು ಮೇಲು. ಪೋಸ್ಟರ್ ಎದುರು ನಿಂತವರಿಗೆ ಒಂದು ನಿಮಿಷದಲ್ಲಿ ಹೇಳಿ ಮುಗಿಸುವಷ್ಟು ಅಭ್ಯಾಸ ಮಾಡಿ. ಯಂತ್ರದ ಮಾದರಿ, ತೋಳಪಟ್ಟಿಯ ಅಳತೆಗಳು, ಬಿಟ್ಟುಹೋದವರ ಸಂಖ್ಯೆ, ಮಾತ್ರೆ ಶುರು ಮಾಡಿದವರ ಸಂಖ್ಯೆ, ಈ ನಾಲ್ಕು ನಾಲಿಗೆಯ ತುದಿಯಲ್ಲಿರಲಿ.

ಸ್ವೀಕಾರ ಪತ್ರ ಬಂದ ದಿನವೇ ಪೂರ್ಣ ಲೇಖನದ ಕರಡು ಶುರು ಮಾಡಿ. ಸಮ್ಮೇಳನಗಳಲ್ಲಿ ಮಂಡನೆಯಾದ ಅಬ್‌ಸ್ಟ್ರಾಕ್ಟ್‌ಗಳಲ್ಲಿ ಪೂರ್ಣ ಲೇಖನವಾಗಿ ಹೊರಬರುವುದು ಶೇ 37ರಷ್ಟು ಮಾತ್ರ ಎಂದು 2018ರ ಕೊಕ್ರೇನ್ ಪರಿಶೀಲನೆ ಹೇಳುತ್ತದೆ. ಅಬ್‌ಸ್ಟ್ರಾಕ್ಟ್ ಮಂಡಿಸಿದ ಕಾರಣಕ್ಕೆ ಒಳ್ಳೆಯ ಪತ್ರಿಕೆಗಳು ಲೇಖನವನ್ನು ನಿರಾಕರಿಸುವುದಿಲ್ಲ. ಇಂಥ ಅಧ್ಯಯನದ ವರದಿಯಲ್ಲಿ ಏನೇನಿರಬೇಕೆಂದು ಹೇಳುವ ಸ್ಟ್ರೋಬ್ ಪಟ್ಟಿಯ 22 ಅಂಶಗಳನ್ನು ಎದುರಿಗಿಟ್ಟುಕೊಂಡು ವಿಧಾನದ ಭಾಗವನ್ನು ಈಗಲೇ ಬರೆದುಬಿಡಿ, ರಿಜಿಸ್ಟರಿನ ನೆನಪು ಹಸಿಯಾಗಿರುವಾಗ. ಪೋಸ್ಟರ್ ಎದುರು ನಿಂತು ಯಾರು ಯಾವ ಪ್ರಶ್ನೆ ಕೇಳಿದರೋ ಅದನ್ನು ಅಂದು ರಾತ್ರಿಯೇ ಬರೆದಿಡಿ. ಲೇಖನದ ಮಿತಿಗಳ ಭಾಗಕ್ಕೆ ಬೇಕಾದ ಸಾಮಗ್ರಿ ಬಹುಪಾಲು ಅದರಲ್ಲೇ ಸಿಗುತ್ತದೆ.